ಚೀಟಿಯಲ್ಲಿ 'ಸಾಫ್ಟ್ ಡಯಟ್' ಅಂತಿದೆ, ಹಾಗಾದರೆ ಮುದ್ದೆ ಕೊಡಬಹುದಾ? (ಎಎಲ್‌ಎಸ್, ನುಂಗುವ ಮತ್ತು ಮಾತಿನ ತೊಂದರೆ)

#1 ಮನೆ_ಆರೈಕೆ_ಮಂಡ್ಯ
ಎಲ್ಲರಿಗೂ ನಮಸ್ಕಾರ. ಮನೆಗಳಿಗೆ ಹೋಗಿ ಆರೈಕೆ ಮಾಡುವವರ ಪರವಾಗಿ ಈ ಪ್ರಶ್ನೆ. ಎಎಲ್‌ಎಸ್ ಅಂದರೆ ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುತ್ತಾ ಹೋಗುವ ಕಾಯಿಲೆ. ಎಎಲ್‌ಎಸ್‌ನಲ್ಲಿ ಬಾಯಿ, ಗಂಟಲಿನಿಂದಲೇ ಶುರುವಾಗುವ ಬಲ್ಬಾರ್ ಬಗೆಯವರು ಡಿಸ್ಚಾರ್ಜ್ ಆಗಿ ಬಂದಾಗ ಊಟದ ಬಗ್ಗೆ ಚೀಟಿಯಲ್ಲಿ ಇರೋದು ಎರಡೇ ಪದ: ಸಾಫ್ಟ್ ಡಯಟ್. ನಮ್ಮ ಕಡೆ ಮನೆಯವರು ಮೊದಲು ಕೇಳೋದೇ "ಮುದ್ದೆ ಮೆತ್ತಗಿರುತ್ತಲ್ಲ, ಅಗಿಯೋದೂ ಬೇಡ, ಕೊಡಬಹುದಾ?" ಅಂತ.

ನೀರು, ಕಾಫಿ ಕುಡಿದರೆ ಕೆಮ್ಮು. ಅನ್ನ ಸಾರಿನ ಊಟಕ್ಕೆ 50 ನಿಮಿಷ. ಮಾತು ಮೂಗಿನಲ್ಲಿ. ಈ ಹಂತದಲ್ಲಿ ಇರುವವರಿಗೆ ಏನು ಹೇಳಬೇಕು? ಅಳತೆ ಸಮೇತ ಹೇಳಿದರೆ ಉಪಕಾರ. 'ಮೆತ್ತಗಿರೋದು ಕೊಡಿ' ಅನ್ನೋದು ಚೀಟಿಯಲ್ಲೇ ಇದೆ.

#2 ಹಳೇಬೇರು
ಮುದ್ದೆ ಕೊಡಿ, ಏನೂ ಆಗಲ್ಲ. ಸಾರು ಸ್ವಲ್ಪ ಜಾಸ್ತಿ ಹಾಕಿದರೆ ತಾನಾಗೇ ಜಾರಿಕೊಂಡು ಹೋಗುತ್ತೆ.

#3 ನುಂಗು_ನುಡಿ
#2, ದಯವಿಟ್ಟು ಈ ಸಲಹೆ ಬೇಡ. ಅಗಿಯೋದು ಬೇಡ ಅನ್ನೋದೇ ಇಲ್ಲಿ ಅಪಾಯ. ಅಗಿಯದೆ ನುಂಗುವ ತುತ್ತನ್ನು ಹಿಂದಕ್ಕೆ ತಳ್ಳೋರು ಯಾರು? ನಾಲಿಗೆ. ಕೆಳಕ್ಕೆ ಹಿಂಡೋರು ಯಾರು? ಗಂಟಲಿನ ಗೋಡೆಯ ಸ್ನಾಯು. ಬಲ್ಬಾರ್ ಎಎಲ್‌ಎಸ್‌ನಲ್ಲಿ ಸೋಲೋದು ಇವೆರಡೇ.

ಮುದ್ದೆಯಲ್ಲಿ ಮೂರು ತೊಂದರೆ ಒಟ್ಟಿಗೆ ಇವೆ. ಒಂದು, ಅಂಟು. ಅಂಗುಳಕ್ಕೂ ನಾಲಿಗೆಯ ಬುಡದ ಹಿಂದಿನ ಗುಳಿಗೂ ಮೆತ್ತಿಕೊಳ್ಳುತ್ತೆ, ಎರಡನೇ ಸಲ ನುಂಗಿದರೂ ಬಿಡಲ್ಲ. ಆಮೇಲೆ ಮಲಗಿದಾಗ ನಿಧಾನಕ್ಕೆ ಶ್ವಾಸನಾಳದ ಕಡೆ ಇಳಿಯುತ್ತೆ. ಎರಡು, ಉಂಡೆ. ಅಡ್ಡ ಸಿಕ್ಕಿಕೊಂಡರೆ ಉಸಿರಿನ ದಾರಿಯನ್ನೇ ಮುಚ್ಚುವಷ್ಟು ದೊಡ್ಡದು. ಮೂರು, ಸಾರು. ಅದು ತೆಳುವಾದದ್ದರಿಂದ ಉಂಡೆಗಿಂತ ಮೊದಲೇ ಹರಿದು, ಧ್ವನಿಪೆಟ್ಟಿಗೆ ಮುಚ್ಚುವ ಮುನ್ನ ಒಳಗೆ ಹೋಗಿರುತ್ತೆ. ಹಾಗಾಗಿ ಸಾರು ಜಾಸ್ತಿ ಹಾಕಿದಷ್ಟೂ ಅಪಾಯ ಜಾಸ್ತಿ.

ಮೆತ್ತಗಿದೆಯಾ ಅಂತ ನೋಡೋದು ಸಾಲದು. ಅಂಟುತ್ತಾ, ಚದುರುತ್ತಾ, ಬಾಯಲ್ಲಿ ಎರಡು ಭಾಗ ಆಗುತ್ತಾ ಅಂತ ನೋಡಬೇಕು.

#4 ಕೆರೆಏರಿ
ಹಾಗಾದರೆ ಅನ್ನ ಸಾರಿಗೂ ಇದೇ ಮಾತು ತಾನೆ?

#5 ನುಂಗು_ನುಡಿ
ಹೌದು. ಅಗುಳು ಒಂದು ಕಡೆ, ನೀರು ಇನ್ನೊಂದು ಕಡೆ. ಊಟಕ್ಕೆ 50 ನಿಮಿಷ ಹಿಡಿಯೋದು ಅದಕ್ಕೇ. ಹಾಲಲ್ಲಿ ನೆನೆಸಿದ ಅವಲಕ್ಕಿ, ಚೂರು ಹಾಕಿದ ಹಣ್ಣಿನ ರಸ, ಗಂಜಿಯೂಟ, ನೀರೊಡೆದ ಮೊಸರನ್ನ ಎಲ್ಲ ಇದೇ ಗುಂಪು. ಮೊಸರನ್ನವನ್ನೇ ಚೆನ್ನಾಗಿ ಕಿವುಚಿ, ಗಟ್ಟಿ ಮೊಸರಲ್ಲಿ ಕಲಸಿ, ಒಗ್ಗರಣೆ ಇಲ್ಲದೆ ಆಗಲೇ ಕೊಟ್ಟರೆ ಬಹಳ ಜನಕ್ಕೆ ಸಲೀಸು. ಸಾಸಿವೆ, ಕರಿಬೇವು, ಕೊತ್ತಂಬರಿ ಎಲೆ, ಕಡ್ಲೆಬೇಳೆ, ಶೇಂಗಾ ಇವುಗಳ ಮೇಲೆ ಕಣ್ಣಿಡಿ. ಎಲೆ ಗಂಟಲ ಗೋಡೆಗೆ ಅಂಟಿಕೊಂಡು ಕೂರುತ್ತೆ.

#6 ಪಥ್ಯದಡುಗೆ
ಅಳತೆ ಕೇಳಿದ್ದೀರಲ್ಲ, ಐಡಿಡಿಎಸ್‌ಐ ಅಂತ ತಿನ್ನೋ ಕುಡಿಯೋದರ ಹದಕ್ಕೆ ಅಂತರರಾಷ್ಟ್ರೀಯ ಮಟ್ಟಗಳಿವೆ, 0 ರಿಂದ 7. ನೀರು 0. 1 ರಿಂದ 3 ಕುಡಿಯೋದರ ಸಣ್ಣ, ಮಧ್ಯಮ, ಹೆಚ್ಚು ದಪ್ಪ. 4 ಅಂದರೆ ನುಣ್ಣಗೆ ರುಬ್ಬಿದ್ದು, 5 ಅಂದರೆ ಸಣ್ಣಗೆ ಹೆಚ್ಚಿ ಒದ್ದೆಯಾಗಿರೋದು, 6 ಮೆತ್ತಗಿನ ತುಂಡು, 7 ಮಾಮೂಲಿ ಊಟ. ಚೀಟಿಯಲ್ಲಿ 'ಸಾಫ್ಟ್' ಬದಲು ಈ ಅಂಕಿ ಬರೆಸಿಕೊಳ್ಳಿ. ಕುಡಿಯೋದಕ್ಕೆ ಒಂದು ಅಂಕಿ, ತಿನ್ನೋದಕ್ಕೆ ಒಂದು.

ಮನೆಯಲ್ಲೇ ಪರೀಕ್ಷೆ ಮಾಡೋದು ಹೀಗೆ. 10 ಮಿ.ಲೀ. ಸಿರಿಂಜ್‌ನ ಒಳಗಿನ ದಂಡ ತೆಗೆಯಿರಿ. ತುದಿಗೆ ಬೆರಳು ಒತ್ತಿ 10ರ ಗೆರೆವರೆಗೆ ತುಂಬಿ. ಬೆರಳು ತೆಗೆದು ಸರಿಯಾಗಿ 10 ಸೆಕೆಂಡು ಬಿಟ್ಟು ಮತ್ತೆ ಒತ್ತಿ. ಉಳಿದದ್ದು 1 ಮಿ.ಲೀ.ಗಿಂತ ಕಮ್ಮಿ ಇದ್ದರೆ ಮಟ್ಟ 0, 1 ರಿಂದ 4 ಇದ್ದರೆ ಮಟ್ಟ 1, 4 ರಿಂದ 8 ಇದ್ದರೆ ಮಟ್ಟ 2, 8ರ ಮೇಲಿದ್ದು ಇನ್ನೂ ತೊಟ್ಟಿಕ್ಕುತ್ತಿದ್ದರೆ ಮಟ್ಟ 3. ಒಂದು ಹನಿಯೂ ಬೀಳದಿದ್ದರೆ 4.

ಮಟ್ಟ 4ಕ್ಕೆ ಚಮಚದ ಪರೀಕ್ಷೆ ಇದೆ. ಚಮಚದಲ್ಲಿ ಆಕಾರ ಹಿಡಿದು ಕೂರಬೇಕು, ಓರೆ ಮಾಡಿ ಸ್ವಲ್ಪ ಅಲುಗಿಸಿದರೆ ಇಡಿಯಾಗಿ ಜಾರಿ ಬೀಳಬೇಕು, ಚಮಚದಲ್ಲಿ ತೆಳುವಾದ ಪೊರೆಯಷ್ಟೇ ಉಳಿಯಬೇಕು. ಮುದ್ದೆ ಸೋಲೋದು ಇಲ್ಲೇ. ಆಕಾರ ಹಿಡಿಯುತ್ತೆ, ಜಾರಲ್ಲ. ಮಟ್ಟ 5ರಲ್ಲಿ ದೊಡ್ಡವರಿಗೆ ಚೂರಿನ ಅಗಲ 4 ಮಿ.ಮೀ. ಮೀರಬಾರದು, ಸಾಮಾನ್ಯ ಫೋರ್ಕಿನ ಹಲ್ಲುಗಳ ನಡುವಿನ ಸಂದು ಹೆಚ್ಚು ಕಮ್ಮಿ ಅಷ್ಟೇ. ಮಟ್ಟ 6ರಲ್ಲಿ ತುಂಡು ಒಂದೂವರೆ ಸೆಂ.ಮೀ. ಒಳಗಿರಬೇಕು.

ರಾಗಿ ಬಿಡಬೇಕಾಗಿಲ್ಲ. 30 ಗ್ರಾಂ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಒಟ್ಟು 250 ಮಿ.ಲೀ. ನೀರಲ್ಲಿ ಚೆನ್ನಾಗಿ ಬೇಯಿಸಿ, ಒಂದು ಚಮಚ ತುಪ್ಪ ಹಾಕಿ, ಜರಡಿಯಲ್ಲಿ ಸೋಸಿ. ತುಪ್ಪ ಅಂಟು ಕಮ್ಮಿ ಮಾಡುತ್ತೆ, ಕ್ಯಾಲೊರಿಯನ್ನೂ ಕೊಡುತ್ತೆ. ಒಂದೊಂದು ಹಿಟ್ಟು ಒಂದೊಂದು ಥರ ನೀರು ಹೀರುತ್ತೆ, ಆದ್ದರಿಂದ ಕೊನೇ ಮಾತು ಚಮಚದ ಪರೀಕ್ಷೆಯದ್ದೇ. ಪರೀಕ್ಷೆಯನ್ನು ತಿನ್ನುವ ಬಿಸಿಯಲ್ಲೇ ಮಾಡಿ. ಆರಿದ ಮೇಲೆ ರಾಗಿ ಇನ್ನೂ ಬಿಗಿಯುತ್ತೆ.

#7 ಕೆರೆಏರಿ
ನೀರು ದಪ್ಪ ಮಾಡೋಕೆ ಅಂಗಡಿಯ ಪುಡಿ ದುಬಾರಿ. ಕಾರ್ನ್‌ಫ್ಲೋರ್ ಅಥವಾ ರಾಗಿಯಲ್ಲೇ ಮಾಡಬಹುದಲ್ವಾ?

#8 ಪಥ್ಯದಡುಗೆ
ಮಾಡಬಹುದು, ಕೆಡೋದು ಎಲ್ಲಿ ಅಂತ ಗೊತ್ತಿರಬೇಕು. ಎಂಜಲಿನಲ್ಲಿ ಅಮೈಲೇಸ್ ಇದೆ, ಅದು ಪಿಷ್ಟವನ್ನು ಒಡೆಯುತ್ತೆ. ಬಾಯಿಗಿಟ್ಟ ಚಮಚವನ್ನೇ ಮತ್ತೆ ಲೋಟಕ್ಕೆ ಅದ್ದಿದರೆ ಕೆಲವೇ ನಿಮಿಷದಲ್ಲಿ ಇಡೀ ಲೋಟ ತೆಳುವಾಗುತ್ತೆ. ಬಾಯಲ್ಲಿ ತುಂಬಾ ಹೊತ್ತು ಇಟ್ಟುಕೊಳ್ಳುವವರಿಗೆ ಬಾಯೊಳಗೇ ತೆಳುವಾಗುತ್ತೆ. ಪಿಷ್ಟವಲ್ಲದ ಜಾಂಥನ್ ಗಮ್‌ನ ಪುಡಿಗೆ ಈ ತೊಂದರೆ ಇಲ್ಲ. ಪಿಷ್ಟವೇ ಗತಿ ಅಂದರೆ ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಬಗ್ಗಿಸಿಕೊಂಡು ಕೊಡಿ, ಉಳಿದದ್ದಕ್ಕೆ ಎಂಜಲು ಚಮಚ ತಾಗಿಸಬೇಡಿ.

ಇನ್ನೊಂದು ವಿಷಯ. ದಪ್ಪ ಮಾಡಿದ ನೀರನ್ನು ಯಾರೂ ಇಷ್ಟಪಟ್ಟು ಕುಡಿಯಲ್ಲ. ದಿನಕ್ಕೆ ಎಷ್ಟು ಹೋಯಿತು ಅಂತ ಬರೆದಿಡಿ. ಮೂತ್ರ ಕಡು ಹಳದಿ, ಮಲಬದ್ಧತೆ, ಗಂಟಲಲ್ಲಿ ಬಂಕೆಯಂಥ ಕಫ ಇವು ನೀರು ಸಾಲುತ್ತಿಲ್ಲ ಅನ್ನೋದಕ್ಕೆ ಗುರುತು. ಅಗತ್ಯಕ್ಕಿಂತ ಒಂದು ಮಟ್ಟ ಹೆಚ್ಚು ದಪ್ಪ ಮಾಡೋದೂ ತಪ್ಪೇ. ಗಂಟಲ ಸ್ನಾಯು ಸೋತವರಲ್ಲಿ ದಪ್ಪಗಾದಷ್ಟೂ ಗಂಟಲಲ್ಲಿ ಉಳಿಯೋದು ಹೆಚ್ಚು.

#9 ಧಾರವಾಡ_ಓಣಿ
ನಮ್ಮ ಕಡೆ ರೊಟ್ಟಿ ಹಾಲಿನ್ಯಾಗ ನೆನಸಿ ಕೊಡ್ತಾರ್ರೀ. ಅದು ನಡೀತದೇನು? ಜ್ವಾಳದ ನುಚ್ಚು?

#10 ಪಥ್ಯದಡುಗೆ
ರೊಟ್ಟಿ ನೆನೆಸಿದ ಹಾಲು ಬೇಡ್ರಿ, ಚೂರು ಬೇರೆ ಹಾಲು ಬೇರೆ ಆಗ್ತದೆ. ಹಾಲು ಪೂರಾ ಹೀರಿಕೊಂಡು, ಮಿಕ್ಸಿಯಲ್ಲಿ ನುಣ್ಣಗಾಗಿ, ಚಮಚದ ಪರೀಕ್ಷೆ ಪಾಸಾದರೆ ಸರಿ. ನುಚ್ಚು ಕಾಳುಕಾಳಾಗಿ ಬಾಯಲ್ಲಿ ಚದುರುತ್ತದೆ, ನಾಲಿಗೆ ಸೋತವರು ಅದನ್ನ ಒಟ್ಟು ಮಾಡಲಾರರು. ಮೊಸರಿನ ಜೊತೆ ರುಬ್ಬಿ ಕೊಡಿ. ಉಪ್ಪಿಟ್ಟಿಗೂ ಇದೇ ಮಾತು. ಇಡ್ಲಿಯನ್ನ ಒಣದಾಗಿ ಕೊಟ್ಟರೆ ಪುಡಿಯಾಗಿ ಚದುರುತ್ತದೆ. ಹೋಳಿಲ್ಲದ ಗಟ್ಟಿ ಸಾಂಬಾರಿನಲ್ಲಿ ಕಿವುಚಿ, ತೆಳು ನೀರು ಉಳಿಯದಂತೆ ಕೊಟ್ಟರೆ ಅದೇ ಇಡ್ಲಿ ಒಳ್ಳೆಯ ಆಹಾರ.

#11 ಕಡಲ_ತಡಿ
ನಮ್ಮ ಕುಚ್ಚಲಕ್ಕಿ ಗಂಜಿಯನ್ನೂ ಸೇರಿಸಿ ಮಾರಾಯ್ರೆ. ಗಂಜಿ ಅಂದರೆ ರೋಗಿಯ ಊಟ ಅಂತ ಎಲ್ಲರೂ ಅದನ್ನೇ ಕೊಡುವುದು. ದಪ್ಪ ಅಗುಳು, ತೆಳು ತಿಳಿ. ಇಂಥವರಿಗೆ ಅದಕ್ಕಿಂತ ಕಷ್ಟದ ಊಟ ಇಲ್ಲ. ಪೂರ್ತಿ ರುಬ್ಬಿ ಸೋಸಿ ಒಂದೇ ಹದ ಮಾಡಬೇಕು.

#12 ನರಜಾಲ
ಇಲ್ಲಿ ಎಲ್ಲರೂ ಎಎಲ್‌ಎಸ್ ಇಟ್ಟುಕೊಂಡೇ ಮಾತಾಡ್ತಿದ್ದೀರಿ. ಓದುವವರಲ್ಲಿ ಬೇರೆ ನರಸ್ನಾಯು ಕಾಯಿಲೆ ಇರುವವರೂ ಇರ್ತಾರೆ. ಅವರಿಗೆ ಇದೇ ಸಲಹೆ ಹಾಗೇ ಹೊಂದಲ್ಲ.

ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ತೊಂದರೆ ದಣಿವಿನದ್ದು. ಮೊದಲ ಐದು ತುತ್ತು ಚೆನ್ನಾಗಿ, ಆಮೇಲೆ ದವಡೆ ಸೋತು ಕೈಯಲ್ಲಿ ಗಲ್ಲ ಎತ್ತಿ ಹಿಡಿಯಬೇಕಾಗುತ್ತೆ, ಕೊನೆಗೆ ನೀರು ಮೂಗಿಗೆ ಬರುತ್ತೆ. ಅಲ್ಲಿ ಆಹಾರದ ಹದಕ್ಕಿಂತ ಹೊತ್ತು ಮುಖ್ಯ. ಪೈರಿಡೋಸ್ಟಿಗ್ಮಿನ್ ಮಾತ್ರೆಯನ್ನು ಊಟಕ್ಕೆ ಸುಮಾರು 30 ರಿಂದ 45 ನಿಮಿಷ ಮೊದಲು ತಗೊಂಡರೆ ಅದರ ಬಲ ಇರುವಾಗಲೇ ಊಟ ಮುಗಿಯುತ್ತೆ. ಹಗಲಿನ ದೊಡ್ಡ ಊಟ ಬೆಳಿಗ್ಗೆ, ರಾತ್ರಿ ಹಗುರ. ಊಟಕ್ಕೆ ಮುಂಚೆ ಫೋನಿನಲ್ಲಿ ಮಾತಾಡಿ ದಣಿಯಬಾರದು. ಒಂದೇ ಉಸಿರಲ್ಲಿ ಎಣಿಸುವಾಗ 20ಕ್ಕೆ ಮೊದಲೇ ಉಸಿರು ಮುಗೀತಿದೆ, ನುಂಗೋಕೂ ಆಗ್ತಿಲ್ಲ ಅಂದರೆ ನಾಳೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕೆಮ್ಮಿಗೆ ಅಂತ ಯಾವುದೋ ಆಂಟಿಬಯೋಟಿಕ್ ನುಂಗಬೇಡಿ. ಸಿಪ್ರೊಫ್ಲಾಕ್ಸಾಸಿನ್ ಗುಂಪು, ಅಜಿತ್ರೊಮೈಸಿನ್ ಗುಂಪು, ಜೆಂಟಾಮೈಸಿನ್ ಗುಂಪು ಮೂರೂ ಮಯಸ್ತೇನಿಯಾವನ್ನು ಕೆರಳಿಸಬಲ್ಲವು.

ಆಕ್ಯುಲೋಫ್ಯಾರಿಂಜಿಯಲ್ ಡಿಸ್ಟ್ರೋಫಿ, ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಅನ್ನೋ ಸ್ನಾಯು ಕಾಯಿಲೆಗಳಲ್ಲಿ ಅನ್ನನಾಳದ ಬಾಗಿಲಿನ ಸ್ನಾಯು ಸರಿಯಾಗಿ ತೆರೆಯಲ್ಲ. ಗಟ್ಟಿ ಆಹಾರ ಗಂಟಲಲ್ಲಿ ನಿಂತಂತಾಗೋದು ಮೊದಲ ದೂರು. ಆಯ್ದ ಕೆಲವರಿಗೆ ಆ ಸ್ನಾಯುವನ್ನು ಹಿಗ್ಗಿಸುವ ಅಥವಾ ಕೊಯ್ಯುವ ಚಿಕಿತ್ಸೆ ಉಪಯೋಗವಾಗುತ್ತೆ. ಮಯೋಟಾನಿಕ್ ಡಿಸ್ಟ್ರೋಫಿಯಲ್ಲಿ ಕೆಮ್ಮೇ ಇಲ್ಲದೆ ಒಳಗಿಳಿಯೋದು ಸಾಮಾನ್ಯ, ರೋಗಿ 'ನನಗೇನೂ ಇಲ್ಲ' ಅಂತಲೇ ಇರ್ತಾರೆ. ಡುಶೆನ್ ಡಿಸ್ಟ್ರೋಫಿಯಲ್ಲಿ ನುಂಗುವ ತೊಂದರೆ ತಡವಾಗಿ ಬರುತ್ತೆ, ದೊಡ್ಡದಾದ ನಾಲಿಗೆ, ಕೂಡದ ಹಲ್ಲುಸಾಲು, ಅಗಿಯಲು ಬಲ ಇಲ್ಲದಿರೋದು ಅದಕ್ಕೆ ಕಾರಣ.

ಇನ್ನೊಂದು ನಮ್ಮ ದಕ್ಷಿಣ ಭಾರತದ್ದೇ. ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಅಂತ 1970ರಲ್ಲಿ ವರದಿಯಾಯಿತು. ಚಿಕ್ಕ ವಯಸ್ಸಲ್ಲೇ ಶುರು, ಕೈಕಾಲು ಸೊರಗೋದು, ಮುಖ ಮತ್ತು ಗಂಟಲಿನ ದೌರ್ಬಲ್ಯ, ಜೊತೆಗೆ ಕಿವುಡು. ಇದನ್ನೇ ಹೋಲುವ ರೈಬೋಫ್ಲಾವಿನ್ (ಬಿ2 ವಿಟಮಿನ್) ಸಾಗಣೆಯ ದೋಷ ಒಂದಿದೆ. ಅದಕ್ಕೆ ಹೆಚ್ಚಿನ ಪ್ರಮಾಣದ ರೈಬೋಫ್ಲಾವಿನ್ ಕೊಟ್ಟರೆ ಎಷ್ಟೋ ಜನ ಸುಧಾರಿಸ್ತಾರೆ. ಹಾಗಾಗಿ ಹುಡುಗ ಹುಡುಗಿಯರಲ್ಲಿ ಮಾತು ತೊದಲು, ನುಂಗೋದು ಕಷ್ಟ, ಜೊತೆಗೆ ಕಿವಿ ಮಂದ ಅಂದರೆ ಆ ಜೀನ್ ಪರೀಕ್ಷೆ ಕೇಳದೆ ಬಿಡಬೇಡಿ. ಚಿಕಿತ್ಸೆ ಇರುವ ಒಂದನ್ನು ತಪ್ಪಿಸಿಕೊಂಡರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

#13 ಹಳೇಬೇರು
ಗಲ್ಲ ಎದೆಗೆ ತಾಗಿಸಿ ನುಂಗಿದರೆ ಎಲ್ಲ ಸರಿಹೋಗುತ್ತೆ ಅಂತ ಎಲ್ಲ ಕಡೆ ಬರೆದಿರ್ತಾರಲ್ಲ. ಇಷ್ಟೆಲ್ಲ ಅಳತೆ ಯಾಕೆ?

#14 ನುಂಗು_ನುಡಿ
ಕೆಲವರಿಗೆ ಸರಿಹೋಗುತ್ತೆ, ಕೆಲವರಿಗೆ ಕೆಡುತ್ತೆ. ನುಂಗುವ ಕ್ರಿಯೆ ಶುರುವಾಗೋದು ತಡ ಆಗುವವರಿಗೆ, ನಾಲಿಗೆ ಬುಡದ ಗುಳಿಯಲ್ಲಿ ಉಳಿಯುವವರಿಗೆ ಉಪಯೋಗ. ಧ್ವನಿಪೆಟ್ಟಿಗೆಯ ಪಕ್ಕದ ಗುಳಿಗಳಲ್ಲಿ ತುಂಬಿಕೊಳ್ಳುವವರು ತಲೆ ಬಗ್ಗಿಸಿದರೆ ಅಲ್ಲಿಂದಲೇ ಒಳಗೆ ಚೆಲ್ಲುತ್ತೆ. ತುಟಿ ಸೋತಿದ್ದರೆ ಮುಂದಿನಿಂದ ಸೋರುತ್ತೆ. ಯಾರಿಗೆ ಯಾವುದು ಅಂತ ಹೊರಗಿಂದ ಹೇಳೋಕಾಗಲ್ಲ. ಬೇರಿಯಂ ಕಲಸಿದ ಆಹಾರ ನುಂಗಿಸಿ ತೆಗೆಯುವ ವಿಡಿಯೋ ಎಕ್ಸ್‌ರೇ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸುವ ಫೀಸ್ ಪರೀಕ್ಷೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಶ್ರವಣ ವಿಭಾಗ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ನುಂಗುವ ತೊಂದರೆಗೇ ಒಂದು ಕೇಂದ್ರ ಇದೆ.

ಪರೀಕ್ಷೆ ಆಗುವವರೆಗೆ ಎಲ್ಲರಿಗೂ ಹೊಂದುವಂಥವು: ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ಬೀಳದಂತೆ ಕತ್ತಿಗೆ ಆಧಾರ ಕೊಡಿ. ಒಂದು ಸಲಕ್ಕೆ ಟೀ ಚಮಚದಲ್ಲಿ 3 ರಿಂದ 5 ಮಿ.ಲೀ. ನುಂಗಿದ ಮೇಲೆ ಬರೀ ಬಾಯಲ್ಲಿ ಇನ್ನೊಮ್ಮೆ ನುಂಗಲಿ. 'ಆ' ಅನ್ನಿಸಿ, ಧ್ವನಿಯಲ್ಲಿ ಗುಳುಗುಳು ಅಂತ ನೀರಿನ ಸದ್ದು ಕೇಳಿದರೆ ಮುಂದಿನ ತುತ್ತು ಬೇಡ, ಕೆಮ್ಮಿಸಿ. ಲೋಟದ ಅಂಚಿನಲ್ಲಿ ಮೂಗಿಗೆ ಜಾಗ ಬಿಟ್ಟು ಕತ್ತರಿಸಿದರೆ ತಲೆ ಎತ್ತದೆ ಕುಡಿಯಬಹುದು. ಕೊಕ್ಕಿರುವ ಲೋಟದಲ್ಲಿ, ಒಳಲೆಯಲ್ಲಿ ಸುರಿಯೋದು ಬೇಡ, ನೇರ ಗಂಟಲ ಹಿಂದಕ್ಕೆ ಬೀಳುತ್ತೆ. ಊಟದ ಹೊತ್ತಲ್ಲಿ ಟಿವಿ, ಮಾತು, ನಗಿಸೋದು ಬೇಡ. ಎಎಲ್‌ಎಸ್‌ನಲ್ಲಿ ತಡೆಯಲಾಗದ ನಗು, ಅಳು ಬರೋದುಂಟು, ತುತ್ತು ಬಾಯಲ್ಲಿದ್ದಾಗ ಅದು ಬಂದರೆ ಅಪಾಯ. 30 ನಿಮಿಷಕ್ಕೆ ಊಟ ನಿಲ್ಲಿಸಿ, ಉಳಿದದ್ದು ಎರಡು ತಾಸು ಬಿಟ್ಟು. ದಿನಕ್ಕೆ ಆರು ಸಣ್ಣ ಊಟ.

#15 ಕಡಲ_ತಡಿ
ಕೆಮ್ಮು ಬಂದಿಲ್ಲ ಅಂದರೆ ಒಳಗೆ ಹೋಗಿಲ್ಲ ಅಂತ ಅರ್ಥ ಅಲ್ಲವಾ? ಆಕ್ಸಿಮೀಟರ್ ಬೆರಳಿಗೆ ಹಾಕಿಕೊಂಡು ನೋಡುವುದು ಕೂಡ ಇದೆ.

#16 ಉಸಿರುಬುಡ್ಡೆ
ಎರಡೂ ನಂಬಿಕೆ ತಪ್ಪು. ಕೆಮ್ಮಿಲ್ಲದೆ ಒಳಗಿಳಿಯೋದಿದೆ, ಆಕ್ಸಿಮೀಟರ್ ಆ ಕ್ಷಣಕ್ಕೆ 97 ತೋರಿಸ್ತಾನೇ ಇರುತ್ತೆ. ಊಟದ ಮೇಲೆ ಕಣ್ಣಲ್ಲಿ ನೀರು, ಮೂಗು ಸೋರೋದು, ಸಂಜೆ ಸಣ್ಣ ಜ್ವರ, ಮತ್ತೆ ಮತ್ತೆ ಕಫ, ತೂಕ ಇಳಿಯೋದು ಇವನ್ನ ನೋಡಿ.

ಒಳಗಿಳಿದದ್ದನ್ನು ಹೊರಗೆ ತಳ್ಳುವ ಕೆಮ್ಮು ಇದೆಯಾ ಅನ್ನೋದು ಬಹಳ ಮುಖ್ಯ. ಆಸ್ತಮಾದವರು ಬಳಸುವ ಪೀಕ್ ಫ್ಲೋ ಮೀಟರ್‌ಗೆ ಮಾಸ್ಕ್ ಹಾಕಿ ಜೋರಾಗಿ ಕೆಮ್ಮಿಸಿ. ನಿಮಿಷಕ್ಕೆ 270 ಲೀಟರ್‌ಗಿಂತ ಕಮ್ಮಿ ಬಂದರೆ ನೆಗಡಿಯಾದಾಗ ಕಫ ತೆಗೆಯೋಕೆ ಸಾಲಲ್ಲ, 160ಕ್ಕಿಂತ ಕಮ್ಮಿ ಅಂದರೆ ಕೆಮ್ಮು ಇದ್ದೂ ಇಲ್ಲದಂತೆ. ತುಟಿ ಬಿಗಿ ಇಲ್ಲದಿದ್ದರೆ ಗಾಳಿ ಸೋರಿ ಸುಳ್ಳು ಅಂಕಿ ಬರುತ್ತೆ, ಅದಕ್ಕೇ ಮಾಸ್ಕ್. ಕಮ್ಮಿ ಇರುವವರಿಗೆ ಕೈಯಲ್ಲಿ ಒತ್ತಿ ಗಾಳಿ ತುಂಬುವ ಆಂಬು ಬ್ಯಾಗ್‌ನಿಂದ ಉಸಿರಿನ ಮೇಲೆ ಉಸಿರು ತುಂಬಿ ಕೆಮ್ಮಿಸೋದನ್ನ ಫಿಸಿಯೋಥೆರಪಿಸ್ಟ್ ಕಲಿಸ್ತಾರೆ. ಗಾಳಿ ತುಂಬಿ ಎಳೆದು ಕೆಮ್ಮಿಸುವ ಕಾಫ್ ಅಸಿಸ್ಟ್ ಯಂತ್ರವೂ ಇದೆ, ಆದರೆ ಬಲ್ಬಾರ್ ಇರುವವರಿಗೆ ಒತ್ತಡ ಹೆಚ್ಚಿಟ್ಟರೆ ಗಂಟಲೇ ಮುಚ್ಚಿಕೊಳ್ಳುತ್ತೆ. ಕಮ್ಮಿ ಒತ್ತಡದಿಂದ, ನಿಧಾನವಾಗಿ ತುಂಬುವಂತೆ ಹೊಂದಿಸಬೇಕು.

ಬಾಯಿ ಶುಚಿಯನ್ನು ಬಿಟ್ಟೇಬಿಡ್ತಾರೆ. ಒಳಗಿಳಿದ ಎಂಜಲಿನ ಬ್ಯಾಕ್ಟೀರಿಯಾದಿಂದಲೇ ನ್ಯುಮೋನಿಯಾ ಬರೋದು. ಬಾಯಿಂದ ಏನೂ ತಿನ್ನದವರಿಗೂ ದಿನಕ್ಕೆ ಎರಡು ಸಲ ಬ್ರಶ್ ಮಾಡಿ, ನೊರೆ ಬಾರದ ಪೇಸ್ಟ್ ಬಟಾಣಿಯಷ್ಟು, ಪಕ್ಕದಲ್ಲಿ ಸಕ್ಷನ್ ಇಟ್ಟುಕೊಂಡು.

#17 ಧಾರವಾಡ_ಓಣಿ
ಬಲೂನ್ ಊದಸ್ರಿ, ಶಂಖ ಊದಸ್ರಿ, ನಾಲಿಗಿಗೆ ವ್ಯಾಯಾಮ ಕೊಡ್ರಿ ಅಂತ ಹೇಳೋರು ಭಾಳ ಮಂದಿ ಅದಾರ. ನಿಮ್ಮ ಅಭಿಪ್ರಾಯ?

#18 ನುಂಗು_ನುಡಿ
ಪಾರ್ಶ್ವವಾಯು ಆದವರಿಗೆ ಕೊಡುವ ವ್ಯಾಯಾಮವನ್ನ ಹಾಗೇ ಇಲ್ಲಿಗೆ ತರ್ತಾರೆ, ತಪ್ಪು ಅಲ್ಲೇ ಆಗೋದು. ಎಎಲ್‌ಎಸ್‌ನಲ್ಲಿ ಸ್ನಾಯುವಿಗೆ ಬರುವ ನರವೇ ಸಾಯ್ತಿದೆ, ದಣಿಸಿದರೆ ಬಲ ಬರಲ್ಲ, ಆ ದಿನದ ಊಟಕ್ಕೆ ಇದ್ದ ಬಲವೂ ಹೋಗುತ್ತೆ. ಮಯಸ್ತೇನಿಯಾದಲ್ಲಿ ಇನ್ನೂ ಬೇಗ. ಶಂಖ ಖಂಡಿತ ಬೇಡ.

#19 ಉಸಿರುಬುಡ್ಡೆ
ಅರ್ಧ ಒಪ್ಪಿದೆ. ಎಎಲ್‌ಎಸ್ ಶುರುವಿನ ಹಂತದಲ್ಲಿ ಹಗುರವಾದ ಲೆಕ್ಕದ ಒತ್ತಡಕ್ಕೆ ಎದುರಾಗಿ ಉಸಿರು ಬಿಡುವ ತರಬೇತಿಯಿಂದ ಉಸಿರು ಬಿಡುವ ಬಲ ಹೆಚ್ಚಿದ ಅಧ್ಯಯನ ಇದೆ. ಉಪಕರಣದಲ್ಲಿ ಒತ್ತಡ ಅಳೆದು ಹೊಂದಿಸಿ, ತಜ್ಞರ ಕಣ್ಣೆದುರಲ್ಲಿ. 'ಯಾವ ವ್ಯಾಯಾಮವೂ ಬೇಡ' ಅಂತ ಗೆರೆ ಎಳೆಯೋದು ಸರಿಯಲ್ಲ.

#20 ನುಂಗು_ನುಡಿ
ಶುರುವಿನ ಹಂತ, ಅಳೆದ ಒತ್ತಡ ಎರಡೂ ಇದ್ದರೆ ಒಪ್ಪಿದೆ. ಬಲೂನು, ಶಂಖದಲ್ಲಿ ಎರಡೂ ಇಲ್ಲ.

#21 ಕೆರೆಏರಿ
ಹೊಟ್ಟೆಗೆ ಟ್ಯೂಬ್ ಹಾಕಿಸೋದನ್ನ ಎಲ್ಲರೂ ಕೊನೇ ಗತಿ ಅಂತ ಮುಂದೂಡ್ತಾರೆ. ಯಾವಾಗ ಹಾಕಿಸಬೇಕು?

#22 ನರಜಾಲ
ಕೊನೇ ಗತಿ ಅಂದುಕೊಳ್ಳೋದರಿಂದಲೇ ತಡವಾಗೋದು. ಪೆಗ್, ಅಂದರೆ ಈ ಹೊಟ್ಟೆಯ ಟ್ಯೂಬ್, ಹಾಕುವಾಗ ಮಂಪರು ಕೊಟ್ಟು ಎಂಡೋಸ್ಕೋಪ್ ಇಳಿಸಬೇಕು, ಅದನ್ನು ತಾಳುವ ಉಸಿರು ಇರಬೇಕು. ಉಸಿರಿನ ಸಾಮರ್ಥ್ಯ, ಅಂದರೆ ಎಫ್‌ವಿಸಿ, 50 ಶೇಕಡಕ್ಕೆ ಇಳಿಯುವ ಮೊದಲೇ ಮಾಡಿಸೋದು ಒಳ್ಳೆಯದು. ತೂಕ 10 ಶೇಕಡ ಇಳಿಯುವವರೆಗೆ ಕಾಯಬೇಡಿ, 5 ಶೇಕಡ ಇಳಿದಾಗಲೇ ಮಾತು ಶುರು ಮಾಡಿ. 60 ಕೆ.ಜಿ. ಇದ್ದವರು 57ಕ್ಕೆ ಬಂದರೆ ಅದೇ 5 ಶೇಕಡ. ಹಾಕಿಸಿದ ಮೇಲೂ ಪರೀಕ್ಷೆಯಲ್ಲಿ ಸುರಕ್ಷಿತ ಅಂತ ಕಂಡದ್ದನ್ನ ರುಚಿಗೆ ಬಾಯಲ್ಲಿ ತಿನ್ನಬಹುದು, ಇದನ್ನ ಮನೆಯವರಿಗೆ ಮೊದಲೇ ಹೇಳಿ. ಆದರೆ ಪೆಗ್ ಇದ್ದ ಮಾತ್ರಕ್ಕೆ ಎಂಜಲು ಒಳಗಿಳಿಯೋದು ನಿಲ್ಲಲ್ಲ. ಮೂಗಿನ ರೈಲ್ಸ್ ಟ್ಯೂಬ್ ಕೆಲವು ವಾರಕ್ಕೆ ಸರಿ, ತಿಂಗಳುಗಟ್ಟಲೆ ಅಲ್ಲ.

#23 ಪಥ್ಯದಡುಗೆ
ಟ್ಯೂಬಿಗೆ ರಾಗಿ ಹಾಕುವವರಿಗೆ: ಆರಿದ ರಾಗಿ ಗಂಜಿ ಟ್ಯೂಬ್ ಕಟ್ಟಿಸುತ್ತೆ. ತೆಳುವಾಗಿ ಮಾಡಿ, ಎರಡು ಸಲ ಸೋಸಿ, ಉಗುರು ಬೆಚ್ಚಗೆ ಹಾಕಿ. ಮೊದಲೂ ಕೊನೆಗೂ 30 ರಿಂದ 50 ಮಿ.ಲೀ. ನೀರು. ತಲೆ ಕಡೆ 30 ರಿಂದ 45 ಡಿಗ್ರಿ ಎತ್ತರಿಸಿ, ಮುಗಿದ ಮೇಲೂ ಒಂದು ಗಂಟೆ ಹಾಗೇ. ಕಟ್ಟಿಕೊಂಡರೆ ಬೆಚ್ಚಗಿನ ನೀರನ್ನ ಸಿರಿಂಜ್‌ನಲ್ಲಿ ಹಿಂದೆ ಮುಂದೆ ಎಳೆದು ಬಿಡಿ. ಕೋಲಾ ಹಾಕೋದು ಬೇಡ, ಹಾಲು ಹಾಕಿದ ಟ್ಯೂಬಿನಲ್ಲಿ ಇನ್ನೂ ಗರಣೆ ಕಟ್ಟಬಹುದು. ತಂತಿ ಚುಚ್ಚಲೇಬೇಡಿ.

#24 ಮನೆ_ಆರೈಕೆ_ಮಂಡ್ಯ
ಎಲ್ಲರಿಗೂ ಧನ್ಯವಾದ. ಜೊಲ್ಲಿನ ಬಗ್ಗೆಯೂ ಹೇಳಿ. ಒಬ್ಬರಿಗೆ ಟವೆಲ್ ನೆನೆಯುವಷ್ಟು, ಇನ್ನೊಬ್ಬರಿಗೆ ಅಂಟಂಟು. ಎರಡಕ್ಕೂ ಒಂದೇ ಮಾತ್ರೆ ಬರೆದಿರ್ತಾರೆ.

#25 ನರಜಾಲ
ಎರಡೂ ಬೇರೆ. ತೆಳು ಜೊಲ್ಲಿಗೆ ಒಣಗಿಸುವ ಔಷಧಿ: ಗ್ಲೈಕೊಪೈರೊಲೇಟ್, ರಾತ್ರಿ 10 ರಿಂದ 25 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್, ಕೆಲವರಿಗೆ ಅಟ್ರೊಪಿನ್ ಕಣ್ಣಿನ ಹನಿ ನಾಲಿಗೆ ಕೆಳಗೆ. ಎಲ್ಲ ವೈದ್ಯರು ಬರೆದ ಪ್ರಮಾಣದಲ್ಲಿ. ವಯಸ್ಸಾದವರಿಗೆ ಮೂತ್ರ ಕಟ್ಟೋದು, ಗೊಂದಲ ಆಗಬಹುದು. ಸಾಲದಿದ್ದರೆ ಜೊಲ್ಲಿನ ಗ್ರಂಥಿಗೆ ಬೊಟ್ಯುಲಿನಂ ಚುಚ್ಚುಮದ್ದು ಇದೆ. ಮಯಸ್ತೇನಿಯಾ ಇರುವವರಿಗೆ ಅದು ಬೇಡ.

ಅಂಟು ಕಫಕ್ಕೆ ಅದೇ ಮಾತ್ರೆ ಕೊಟ್ಟರೆ ಇನ್ನೂ ಗೋಂದಾಗುತ್ತೆ. ಅಲ್ಲಿ ನೀರಿನಂಶ ಹೆಚ್ಚಿಸಬೇಕು, ಸಲೈನ್ ನೆಬುಲೈಸ್ ಮಾಡಬೇಕು, ಒಣಗಿಸುವ ಔಷಧಿ ಇಳಿಸಬೇಕು. ಕಫ ತೆಳು ಮಾಡುವ ಔಷಧಿಯನ್ನ ಕೆಮ್ಮಿನ ಬಲ ಇದ್ದವರಿಗೆ ಮಾತ್ರ. ಇಲ್ಲದಿದ್ದರೆ ತೆಳುವಾದ ಕಫದಲ್ಲೇ ಮುಳುಗಿದಂತಾಗುತ್ತೆ.

#26 ಅಕ್ಷರಮಣೆ
ಊಟದ ಮಾತೇ ಆಯಿತು, ಶೀರ್ಷಿಕೆಯಲ್ಲಿ ಮಾತಿನ ತೊಂದರೆಯೂ ಇದೆಯಲ್ಲ. ಕನ್ನಡದಲ್ಲಿ ಏನು ಮೊದಲು ಕೆಡುತ್ತೆ ಅಂತ ಗಮನಿಸಿದರೆ ಯಾವ ಸ್ನಾಯು ಸೋತಿದೆ ಅಂತ ತಿಳಿಯುತ್ತೆ. ಮೆದು ಅಂಗುಳ ಸೋತರೆ ಗಾಳಿ ಮೂಗಿಗೆ ಹೋಗಿ 'ಬರ' ಅನ್ನೋದು 'ಮರ' ಆಗುತ್ತೆ, 'ದಾರಿ' 'ನಾರಿ' ಆಗುತ್ತೆ. ಮೂಗು ಹಿಡಿದು ಅದೇ ಮಾತು ಹೇಳಿಸಿ. ಸ್ಪಷ್ಟವಾದರೆ ಸೋರಿಕೆ ಅಂಗುಳದ್ದೇ. ಅಂಥವರಲ್ಲಿ ನಾಲಿಗೆ ಇನ್ನೂ ಚೆನ್ನಾಗಿದ್ದರೆ ದಂತವೈದ್ಯರು ಅಂಗುಳ ಎತ್ತಿ ಹಿಡಿಯುವ ಪ್ಲೇಟ್ ಮಾಡಿಕೊಡಬಹುದು. ನಾಲಿಗೆ ತುದಿ ಮಡಚಲು ಆಗದಿದ್ದರೆ ಟ, ಡ, ಣ, ಳ ಹೋಗುತ್ತೆ, 'ಹಳ್ಳಿ' 'ಹಲ್ಲಿ' ಆಗುತ್ತೆ. ಒತ್ತಕ್ಷರಕ್ಕೆ ಗಾಳಿ ತಡೆದು ಹಿಡಿಯುವ ಬಲ ಬೇಕು, ಅದಿಲ್ಲದಿದ್ದರೆ 'ಕತ್ತೆ' 'ಕತೆ' ಆಗುತ್ತೆ.

ಉಚ್ಚಾರ ಸರಿ ಇದ್ದು ದನಿ ಮಾತ್ರ ಸಣ್ಣಗಿದ್ದರೆ, ಮೇಷ್ಟ್ರುಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಮೈಕ್ ಸ್ಪೀಕರ್ ಸಾಕು. ಉಚ್ಚಾರವೇ ಹೋಗಿದ್ದರೆ ಮೈಕ್ ಹಾಕಿದರೂ ಅಸ್ಪಷ್ಟತೆಯೇ ಜೋರಾಗಿ ಕೇಳೋದು.

#27 ಕಡಲ_ತಡಿ
ನಿಮಿಷಕ್ಕೆ 125 ಪದಕ್ಕಿಂತ ಕಮ್ಮಿ ಆದಾಗ ಬದಲಿ ಸಂವಹನ (ಬೋರ್ಡ್, ಫೋನ್ ಇತ್ಯಾದಿ) ಶುರು ಮಾಡಬೇಕು ಎಂಬ ಲೆಕ್ಕ ಉಂಟು.

#28 ಅಕ್ಷರಮಣೆ
ಆ ಲೆಕ್ಕ ಇಂಗ್ಲಿಷ್ ವಾಕ್ಯ ಓದಿಸಿ ಮಾಡಿದ್ದು. ಕನ್ನಡದಲ್ಲಿ 'ಹೋಗಬೇಕಾಗಿತ್ತಂತೆ' ಅನ್ನೋದು ಒಂದೇ ಪದ. ನಮ್ಮಲ್ಲಿ ಆರೋಗ್ಯವಾಗಿರುವವರ ಪದಗಳ ಲೆಕ್ಕವೂ ಇಂಗ್ಲಿಷಿನದಕ್ಕೆ ಹೊಂದಲ್ಲ. ಅದರ ಹಿಂದಿನ ಕಾರಣ ಮಾತ್ರ ಸರಿ: ವೇಗ ಮೊದಲು ಇಳಿಯುತ್ತೆ, ಅರ್ಥವಾಗದಂತಾಗೋದು ಆಮೇಲೆ, ಅದೂ ಥಟ್ಟನೆ. ಅದಕ್ಕೆ ಅವರದೇ ಅಳತೆ ಇಟ್ಟುಕೊಳ್ಳಿ. ಒಂದೇ ಪ್ಯಾರಾವನ್ನ ತಿಂಗಳಿಗೊಮ್ಮೆ ಓದಿಸಿ, ಅಕ್ಷರ ಎಣಿಸಿ ಸೆಕೆಂಡಿನಿಂದ ಭಾಗಿಸಿ. ಇಳಿಮುಖ ಕಂಡ ಕೂಡಲೇ ಧ್ವನಿ ಮುದ್ರಿಸಿ ಇಟ್ಟುಕೊಳ್ಳೋದು ಶುರು ಮಾಡಿ. ಫೋನಿನಲ್ಲೇ ಸಾಕು: ಬೆಳಿಗ್ಗೆ, ಫ್ಯಾನ್ ಆರಿಸಿ, ಬಾಯಿಂದ ಒಂದು ಗೇಣು ದೂರ, ಒಂದು ಮಾತಿಗೆ ಒಂದು ಫೈಲ್. 'ನೀರು ಬೇಕು' ಅನ್ನೋದನ್ನ ಯಂತ್ರದ ದನಿಯೂ ಹೇಳುತ್ತೆ. ಮೊಮ್ಮಗುವನ್ನ ಕರೆಯುವ ರೀತಿ, ಹೆಂಡತಿಯನ್ನ ರೇಗಿಸುವ ರೀತಿ, ದೇವರ ಮುಂದೆ ಹೇಳುವ ಮಾತು, ಇವನ್ನ ಮೊದಲು ಮುದ್ರಿಸಿ.

#29 ಕೆರೆಏರಿ
ಮಾತು ಪೂರ್ತಿ ನಿಂತವರಿಗೆ? ಇಂಗ್ಲಿಷ್ ಬೋರ್ಡ್ ಊರಲ್ಲಿ ಉಪಯೋಗಕ್ಕೆ ಬರಲ್ಲ.

#30 ಅಕ್ಷರಮಣೆ
ಕನ್ನಡ ವರ್ಣಮಾಲೆ ಮೊದಲೇ ಸಾಲುಸಾಲಾಗಿದೆ, ಅದೇ ನಮ್ಮ ಅನುಕೂಲ. ಮಹಾಪ್ರಾಣ, ಙ, ಞ, ಋ, ಷ ಬಿಟ್ಟುಬಿಡಿ. ಏಳು ಸಾಲು ಬರೆಯಿರಿ:

ಅ ಇ ಉ ಎ ಒ
ಕ ಗ ಚ ಜ
ಟ ಡ ಣ
ತ ದ ನ
ಪ ಬ ಮ
ಯ ರ ಲ ವ
ಶ ಸ ಹ ಳ

ಒಟ್ಟು 26. ದೀರ್ಘ, ಒತ್ತು, ಐ, ಔ ಎಲ್ಲ ಕೇಳುವವರೇ ಊಹಿಸ್ತಾರೆ. 'ನೀರು' ಅನ್ನೋದಕ್ಕೆ ನ, ಇ, ರ, ಉ, ಎಷ್ಟೋ ಸಲ ಎರಡನೇ ಅಕ್ಷರಕ್ಕೇ ಗೊತ್ತಾಗುತ್ತೆ. ಸಹಾಯಕರು ಸಾಲಿನ ಹೆಸರು ಕೇಳ್ತಾ ಹೋಗಬೇಕು: ಸ್ವರವಾ? ಕ ಸಾಲಾ? ಟ ಸಾಲಾ? ಪ್ರತಿ ಪ್ರಶ್ನೆಗೆ ಎರಡು ಸೆಕೆಂಡು ನಿಲ್ಲಿ. ಹೌದು ಅನ್ನೋದಕ್ಕೆ ಕಣ್ಣು ಮೇಲೆತ್ತಲಿ. ರೆಪ್ಪೆ ತಾನಾಗೇ ಬಡಿಯುತ್ತೆ, ಅದನ್ನ ಗುರುತಾಗಿ ಇಟ್ಟುಕೊಂಡರೆ ತಪ್ಪು ಜಾಸ್ತಿ. ಎಎಲ್‌ಎಸ್‌ನಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಉಳಿದಿರುತ್ತೆ. ಮಯಸ್ತೇನಿಯಾದಲ್ಲಿ ಕಣ್ಣೇ ಮೊದಲು ದಣಿಯುತ್ತೆ, ಅವರಿಗೆ ಬೆರಳು ಅಥವಾ ಕಾಲಿನ ಗುರುತು ನೋಡಿ.

ಬೆರಳು ಆಡುವವರು ಫೋನಿನಲ್ಲಿ ಕನ್ನಡ ಟೈಪ್ ಮಾಡಿ ಗಟ್ಟಿಯಾಗಿ ಓದಿಸಬಹುದು, ಆಂಡ್ರಾಯ್ಡ್‌ನಲ್ಲಿ ಕನ್ನಡ ದನಿ ಇದೆ. ಗೂಗಲ್‌ನ ಲುಕ್ ಟು ಸ್ಪೀಕ್ ಅನ್ನೋ ಉಚಿತ ಆ್ಯಪ್‌ನಲ್ಲಿ ಕಣ್ಣನ್ನ ಎಡಕ್ಕೆ ಬಲಕ್ಕೆ ಹೊರಳಿಸಿ ವಾಕ್ಯ ಆರಿಸೋದು, ವಾಕ್ಯಗಳನ್ನ ನಾವೇ ಬದಲಿಸಬಹುದು.

ಒಂದು ವಿನಂತಿ. ವಾಕ್ಯವನ್ನ ಅವರು ಮುಗಿಸುವ ತನಕ ಕಾಯಿರಿ. ಊಹಿಸಿದ್ದು ತಪ್ಪಾದರೆ 'ಹೂಂ ಹೂಂ' ಅನ್ನಬೇಡಿ, ಮತ್ತೆ ಕೇಳಿ.

#31 ಮನೆ_ಆರೈಕೆ_ಮಂಡ್ಯ
ಈ ಏಳು ಸಾಲನ್ನ ರಟ್ಟಿನ ಮೇಲೆ ಬರೆಸ್ತೀವಿ. ಕೊನೇ ಪ್ರಶ್ನೆ: ಮಾತ್ರೆಗಳನ್ನೆಲ್ಲ ಕುಟ್ಟಿ ಪುಡಿ ಮಾಡಿ ಬಾಳೆಹಣ್ಣಲ್ಲಿ ಕೊಡ್ತಿದ್ದಾರೆ.

#32 ನರಜಾಲ
ಎಲ್ಲವನ್ನೂ ಕುಟ್ಟಬಾರದು. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಟ್ಟಿಗೆ ಹೋಗುತ್ತೆ. ಎಎಲ್‌ಎಸ್‌ನವರ ರಿಲುಜೋಲ್ ಪುಡಿ ಮಾಡಿದರೆ ಬಾಯಿ, ನಾಲಿಗೆ ಮರಗಟ್ಟಬಹುದು. ಆ ಹೊತ್ತಲ್ಲಿ ನುಂಗಿಸಿದರೆ ಅಪಾಯ. ಅದನ್ನ ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ಆದ ಮೇಲೆ ಕೊಡಬೇಕು, ಆದ್ದರಿಂದ ಊಟದ ಜೊತೆ ಕಲಸೋದೂ ಸರಿಯಲ್ಲ. ಪ್ರತಿ ಮಾತ್ರೆಗೂ ದ್ರವರೂಪ ಇದೆಯಾ, ಪುಡಿ ಮಾಡಬಹುದಾ ಅಂತ ಔಷಧಿ ಅಂಗಡಿಯವರ ಹತ್ತಿರ ಪಟ್ಟಿ ಮಾಡಿಸಿ.

#33 ಹಳೇಬೇರು
#2ರಲ್ಲಿ ಬರೆದದ್ದನ್ನ ವಾಪಸ್ ತಗೋತೀನಿ, ತಿಳಿಯದೆ ಹೇಳಿದೆ. ಆದರೂ ಒಂದು ಮಾತು. ಅರವತ್ತು ವರ್ಷ ಮುದ್ದೆ ಉಂಡವರಿಗೆ ಅದರ ರುಚಿಯಾದರೂ ಸಿಗೋ ದಾರಿ ಇಲ್ವಾ?

#34 ಪಥ್ಯದಡುಗೆ
ಇದೆ. ರುಚಿ ಮುದ್ದೆಗಿಂತ ಹೆಚ್ಚಾಗಿ ಸಾರಿನಲ್ಲೇ ಇರೋದು. ಬಸ್ಸಾರು ಅಥವಾ ಉಪ್ಸಾರನ್ನ ನುಣ್ಣಗೆ ರುಬ್ಬಿ ಸೋಸಿ, #6ರ ರಾಗಿಯನ್ನ ಬೇಯಿಸುವಾಗ ನೀರಿನ ಬದಲು ಅದನ್ನೇ ಹಾಕಿ. ಸಾರು, ರಾಗಿ ಒಂದೇ ಹದ ಆಗುತ್ತೆ, ಬಾಯಲ್ಲಿ ಬೇರೆಯಾಗಲ್ಲ. ಖಾರ ಅರ್ಧ ಮಾಡಿ, ಕೆಮ್ಮು ಕೆರಳಿಸುತ್ತೆ. ಕೊಡುವ ಮೊದಲು ಚಮಚ ಓರೆ ಮಾಡಿ ನೋಡಿ.

#35 ನುಂಗು_ನುಡಿ
#6ಕ್ಕೆ ಒಂದು ತಿದ್ದುಪಡಿ. ಎಲ್ಲ 10 ಮಿ.ಲೀ. ಸಿರಿಂಜ್ ಒಂದೇ ಅಲ್ಲ. 0 ಯಿಂದ 10ರ ಗೆರೆವರೆಗೆ ಸ್ಕೇಲ್ ಇಟ್ಟು ಅಳೆಯಿರಿ, 61.5 ಮಿ.ಮೀ. ಇರಬೇಕು. ಸೂಜಿ ತಿರುಗಿಸಿ ಕೂರಿಸುವ ಬಗೆ ಬೇಡ, ಒತ್ತಿ ಕೂರಿಸುವ ಸಾದಾ ತುದಿಯದ್ದು ತಗೊಳ್ಳಿ. ಬೇರೆ ಅಳತೆಯದ್ದರಲ್ಲಿ ಮಟ್ಟ 2 ಇದ್ದದ್ದು 1 ಅಂತ ಬರುತ್ತೆ, ಇಲ್ಲವೇ 3 ಅಂತ.